ದೈತ್ಯ ನಾಯಿ ಸಾಕುವವರಿಗೊಂದು ಸಂಘ ಬೇಕೆ?

ಪ್ರಶ್ನೆ: ಕಾಫಿ ಕಣದ ಕಾವಲಿಗೆ ಗ್ರೇಟ್ ಡೇನ್ ಇಲ್ಲವೇ ಸೇಂಟ್ ಬರ್ನಾರ್ಡ್ ಮರಿ ತರುವ ಯೋಚನೆ ಮಾಡಿದ್ದೇನೆ. ಆಲೂರು, ಸಕಲೇಶಪುರದ ಕಡೆ ಇಂಥ ದೊಡ್ಡ ನಾಯಿ ಸಾಕಿರುವ ನಾಲ್ಕಾರು ಮನೆಯವರು ಸೇರಿ ಸಂಘ ಮಾಡಿಕೊಳ್ಳೋಣ ಎಂಬ ಮಾತೂ ನಡೆದಿದೆ. ಹೊರದೇಶಗಳಲ್ಲಿ ಒಂದೊಂದು ತಳಿಗೂ ಪ್ರಾಂತ್ಯಕ್ಕೊಂದು ಕ್ಲಬ್ ಇರುತ್ತದಂತೆ. ಅಲ್ಲಿ ಏನು ಮಾಡುತ್ತಾರೆ? ನಮ್ಮಂಥವರಿಗೆ ಅದರಿಂದ ಉಪಯೋಗವಿದೆಯೇ?
– ಬೆಳೆಗಾರರೊಬ್ಬರು, ಮಗ್ಗೆ

ಉತ್ತರ: ಖಂಡಿತ ಇದೆ. ಕ್ಲಬ್ ಎಂದರೆ ನಾಯಿ ಪ್ರದರ್ಶನ, ಪದಕ, ಫೋಟೊ ಎಂದುಕೊಳ್ಳುವವರೇ ಹೆಚ್ಚು. ಅದೆಲ್ಲ ವರ್ಷಕ್ಕೊಂದು ದಿನದ ಸಂಭ್ರಮ. ಉಳಿದ ದಿನಗಳಲ್ಲಿ ಒಳ್ಳೆಯ ಕ್ಲಬ್ ಒಂದು ಲೆಕ್ಕದ ಪುಸ್ತಕ ಕಾಯುತ್ತದೆ: ಯಾವ ನಾಯಿ ಯಾರ ಮರಿ, ಯಾವುದರ ಜೊತೆ ಕ್ರಾಸ್ ಆಯಿತು, ಎಷ್ಟು ವರ್ಷ ಬದುಕಿತು, ಯಾತರಿಂದ ಸತ್ತಿತು. ದೈತ್ಯ ತಳಿಗಳಿಗೆ ಈ ಪುಸ್ತಕ ಬೇಕಾದಷ್ಟು ಬೇರೆ ಯಾವ ನಾಯಿಗೂ ಬೇಕಾಗುವುದಿಲ್ಲ.

ನೀವು ಹೇಳಿದ ಸೇಂಟ್ ಬರ್ನಾರ್ಡ್ ತಳಿಯನ್ನೇ ನೋಡಿ. ಆಲ್ಪ್ಸ್ ಪರ್ವತದಲ್ಲಿ 2,469 ಮೀಟರ್ ಎತ್ತರದ ಕಣಿವೆದಾರಿಯೊಂದರಲ್ಲಿ ಸನ್ಯಾಸಿಗಳ ಧರ್ಮಛತ್ರವಿದೆ. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಅಲ್ಲಿ ಸಾಕಿದ್ದ ನಾಯಿಗಳಿಂದಲೇ ಈ ತಳಿ ಬಂದದ್ದು. ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಕಥೆಯಾಗಿರುವ ಬ್ಯಾರಿ ಎಂಬ ನಾಯಿ 1814ರಲ್ಲಿ ಸತ್ತಿತು. ಅದರ ಚರ್ಮ ತುಂಬಿದ ರೂಪ ಇಂದಿಗೂ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 1884ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನವರು ನಾಯಿಗಳ ವಂಶಾವಳಿ ಪುಸ್ತಕ ತೆರೆದಾಗ ಅದರಲ್ಲಿ ಮೊದಲು ಬರೆದದ್ದು ಲಿಯೋನ್ ಎಂಬ ಸೇಂಟ್ ಬರ್ನಾರ್ಡ್ ಹೆಸರು. ಮಾರನೆಯ ತಿಂಗಳೇ ಬಾಸೆಲ್ ನಗರದಲ್ಲಿ ಆ ತಳಿಯ ಸಂಘ ಹುಟ್ಟಿತು. ಮೊದಲು ಪುಸ್ತಕ, ಆಮೇಲೆ ಸಂಘ. ನೀವೂ ಇದೇ ಕ್ರಮ ಹಿಡಿದರೆ ಒಳ್ಳೆಯದು.

ಅಲ್ಲಿನ ಪ್ರಾಂತೀಯ ಕ್ಲಬ್‌ಗಳ ಇನ್ನೊಂದು ಕೆಲಸ, ನಾಯಿಗೆ ಅದರ ಹುಟ್ಟುಗಸುಬು ಮರೆಯದಂತೆ ನೋಡಿಕೊಳ್ಳುವುದು. ನ್ಯೂಫೌಂಡ್‌ಲ್ಯಾಂಡ್ ತಳಿಯವರು ಕೆರೆ ದಡದಲ್ಲಿ ಸೇರಿ ಪರೀಕ್ಷೆ ನಡೆಸುತ್ತಾರೆ: ನಾಯಿ ಈಜಿ ಹೋಗಿ ನೀರಿನಲ್ಲಿರುವವರಿಗೆ ಹಗ್ಗ ಮುಟ್ಟಿಸಬೇಕು, ದೋಣಿಯನ್ನು ದಡಕ್ಕೆ ಎಳೆದು ತರಬೇಕು. ನೋಡಲು ಚೆಂದವಿದ್ದು ಕೆಲಸಕ್ಕೆ ಬಾರದ ನಾಯಿಯಿಂದ ಮರಿ ತೆಗೆಯುವ ಆಸೆ ಇಂಥ ಪರೀಕ್ಷೆಯಿಂದ ಕಡಿಮೆಯಾಗುತ್ತದೆ.

ನಮ್ಮಲ್ಲಿ ತಳಿ ನೋಂದಣಿಯ ಹಳೆಯ ಸಂಸ್ಥೆ ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ. ಮರಿ ಮಾರುವವರು 'ಪೇಪರ್ ಇದೆ' ಎನ್ನುವುದು ಇದರ ಪ್ರಮಾಣಪತ್ರಕ್ಕೆ. ಆ ಕಾಗದ ಮರಿಯ ತಂದೆ ತಾಯಿ, ಅಜ್ಜ ಅಜ್ಜಿ ಯಾರೆಂದು ಹೇಳುತ್ತದೆ. ಅಜ್ಜ ಐದನೇ ವರ್ಷಕ್ಕೆ ಹೃದಯ ನಿಂತು ಸತ್ತದ್ದನ್ನಾಗಲಿ, ತಾಯಿಯ ಸೊಂಟದ ಕೀಲು ಸವೆದಿರುವುದನ್ನಾಗಲಿ ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಸಾಕಿದವರು ಒಬ್ಬರಿಗೊಬ್ಬರು ಬಾಯಿಬಿಡಬೇಕು. ಸಂಘ ಬೇಕಾಗುವುದು ಇದಕ್ಕೇ.

ರಾಜ್ಯದ ಸ್ವಂತ ತಳಿಯಾದ ಮುಧೋಳ ನಾಯಿಯ ಉದಾಹರಣೆ ಕಣ್ಣೆದುರೇ ಇದೆ. ಅದು ದೈತ್ಯನಲ್ಲ, ಸಪೂರ ಮೈಯ ಓಟಗಾರ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅದನ್ನು ಉಳಿಸಿಕೊಂಡು ಬಂದವರು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳ ಸಾಕಣೆದಾರರು. ಅವರ ಬೆನ್ನಿಗೆ ಈಗ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್ ತಳಿಗಳಿಗೆ ನಮ್ಮಲ್ಲಿ ಅಂಥ ಆಸರೆ ಇಲ್ಲ. ಮಾರಾಟದ ಮರಿ ತೆಗೆಯಲು ಹೊರಗಿನಿಂದ ನಾಯಿ ತರಿಸುವುದನ್ನು ಕೇಂದ್ರ ಸರ್ಕಾರ 2016ರಲ್ಲಿ ನಿರ್ಬಂಧಿಸಿತು. ಹೀಗಾಗಿ ಇರುವ ಕೆಲವೇ ನಾಯಿಗಳ ನಡುವೆ ಅಣ್ಣ ತಂಗಿ, ತಂದೆ ಮಗಳು ಎನ್ನದೆ ಕ್ರಾಸ್ ಮಾಡಿಸುವ ಅಪಾಯ ಹೆಚ್ಚು. ಪುಸ್ತಕವಿದ್ದರೆ ಇದನ್ನು ತಪ್ಪಿಸಬಹುದು.

ಈಗ ನಿಮ್ಮ ತೋಟಕ್ಕೆ ಬರೋಣ. ಎರಡರಲ್ಲಿ ಯಾವುದು ಎಂದು ಕೇಳಿದರೆ, ಸೇಂಟ್ ಬರ್ನಾರ್ಡ್ ಬೇಡ ಎನ್ನುತ್ತೇನೆ. ಹಿಮಕ್ಕೆಂದು ಬೆಳೆದ ಅದರ ದಪ್ಪ ತುಪ್ಪಳ ಏಪ್ರಿಲ್ ಸೆಕೆಯಲ್ಲಿ ಏದುಸಿರು ತರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಆರದೆ ಚರ್ಮ ಕೊಳೆಯುತ್ತದೆ. ಆ ಕೂದಲ ನಡುವೆ ಉಣುಗು ಹುಡುಕುವುದೇ ದಿನದ ಕೆಲಸವಾಗುತ್ತದೆ. ಗ್ರೇಟ್ ಡೇನ್ ಜರ್ಮನಿಯಲ್ಲಿ ಹಂದಿ ಬೇಟೆಗೆ ಬಳಕೆಯಲ್ಲಿದ್ದ ತಳಿ. ಗಂಡು ಭುಜದವರೆಗೆ ಕನಿಷ್ಠ 80 ಸೆಂಟಿಮೀಟರ್ ಇರಬೇಕೆಂಬುದು ಮಾನದಂಡ. ಗಿಡ್ಡ ಕೂದಲಿನದಾದ್ದರಿಂದ ನಿಮ್ಮ ಹವೆಗೆ ಪರವಾಗಿಲ್ಲ. ಆದರೆ ಬರಿ ಸಿಮೆಂಟ್ ನೆಲದ ಮೇಲೆ ಮಲಗಿಸಿದರೆ ಮೈಭಾರಕ್ಕೆ ಮೊಣಕೈ ಚರ್ಮ ಜಡ್ಡುಗಟ್ಟಿ, ಒಡೆದು, ಕೀವು ತುಂಬುತ್ತದೆ. ಹಳೆಯ ಗೋಣಿಚೀಲಗಳನ್ನು ನಾಲ್ಕಾರು ಮಡಿಕೆ ಹಾಸಿದರೆ ಸಾಕು, ಅದರ ಅರ್ಧ ಕಷ್ಟ ತಪ್ಪುತ್ತದೆ.

ಹುಟ್ಟಿದಾಗ ಅರ್ಧ ಕೆಜಿ ಆಸುಪಾಸು ತೂಗುವ ಈ ಮರಿ ವರ್ಷ ತುಂಬುವಷ್ಟರಲ್ಲಿ 50 ಕೆಜಿ ಮುಟ್ಟಬಹುದು. ಇಷ್ಟು ಬೇಗ ಬೆಳೆಯುವ ಮೂಳೆಗೆ ಬಲ ಬರಲೆಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವ ಅಭ್ಯಾಸ ಎಲ್ಲೆಡೆ ಇದೆ. ಮಾಡಬೇಡಿ. ದೊಡ್ಡ ತಳಿಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ, ಕಾಲು ಸೊಟ್ಟಗಾಗುತ್ತದೆ. ಮರಿ ತೆಳ್ಳಗೇ ಬೆಳೆಯಲಿ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಹೊಟ್ಟೆ ತಿರುಚಿಕೊಳ್ಳುವುದು. ಎದೆಗೂಡು ಆಳವಿರುವ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ಗ್ರೇಟ್ ಡೇನ್‌ಗೆ ಇದರ ಭಯ ಉಳಿದವುಗಳಿಗಿಂತ ಹೆಚ್ಚು. ನಾಯಿ ವಾಂತಿಗೆಂದು ಮತ್ತೆ ಮತ್ತೆ ಹೊಟ್ಟೆ ಕಿವುಚುತ್ತದೆ, ಬರುವುದು ನೊರೆಯಷ್ಟೆ. ಕೂತಲ್ಲಿ ಕೂರುವುದಿಲ್ಲ. ಪಕ್ಕೆಲುಬಿನ ಹಿಂದೆ ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಬರುತ್ತದೆ. ಆಮೇಲೆ ಉಳಿಯುವುದು ಕೆಲವೇ ಗಂಟೆ. ಮನೆಮದ್ದು ಮಾಡುತ್ತ ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯುವುದಿಲ್ಲ, ಆಪರೇಷನ್ ಒಂದೇ ದಾರಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಿಮ್ಮ ಪುಣ್ಯ. ಆದರೂ ರಾತ್ರಿ ಹೊತ್ತು ಯಾರು ಸಿಗುತ್ತಾರೆ, ಆಪರೇಷನ್ ಯಾರು ಮಾಡುತ್ತಾರೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಂಡಿರಬೇಕು. ಅಷ್ಟು ಭಾರದ ನಾಯಿಯನ್ನು ಒಬ್ಬರೇ ಜೀಪಿಗೆ ಎತ್ತಿಹಾಕಲಾಗದು. ಕಾಫಿ ಒಣಗಿಸುವ ಟಾರ್ಪಾಲಿನ ಮೇಲೆ ಮಲಗಿಸಿ ನಾಲ್ಕು ಮೂಲೆಗೆ ನಾಲ್ವರು ಹಿಡಿಯಬೇಕು. ನಿಮ್ಮ ಸಂಘದ ಮೊದಲ ಪಟ್ಟಿ ಇದೇ ಆಗಲಿ: ಯಾರ ಮನೆಯಲ್ಲಿ ವಾಹನ, ಯಾರು ಬರುತ್ತಾರೆ, ಯಾವ ವೈದ್ಯರಿಗೆ ಫೋನ್.

ಕಾವಲಿನ ವಿಷಯದಲ್ಲಿ ಎರಡು ಮಾತು. ಕಣದಲ್ಲಿ ಕಾಫಿ, ಮೆಣಸು ಒಣಗುವ ತಿಂಗಳುಗಳಲ್ಲಿ ದೊಡ್ಡ ನಾಯಿಯ ಆಕಾರವೇ ಕಳ್ಳರಿಗೆ ಸಾಕು, ಅದು ಕಚ್ಚಲೇಬೇಕೆಂದಿಲ್ಲ. ಬೆಳಗ್ಗೆ ಆಳುಗಳು, ಅವರ ಮಕ್ಕಳು ಬಂದಾಗ ಸುಮ್ಮನಿರುವ, ಕರೆದರೆ ತಿರುಗಿ ಬರುವ ನಾಯಿ ಬೇಕು. ನಿಮ್ಮ ಸಂಘ ಪರೀಕ್ಷೆ ಇಡುವುದಾದರೆ ಇದನ್ನೇ ಇಡಲಿ. ಎರಡನೆಯದು ಆನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆ ಎದುರಾದರೆ ನಾಯಿಯ ಗಾತ್ರ ಲೆಕ್ಕಕ್ಕೆ ಬರುವುದಿಲ್ಲ. ಬೊಗಳಿ ಕೆಣಕಿದ ನಾಯಿ ಹೆದರಿ ಓಡುವುದು ಯಜಮಾನನ ಕಡೆಗೇ. ಅದರ ಬೆನ್ನಿಗೆ ಆನೆ. ರಾತ್ರಿ ತೋಟಕ್ಕೆ ಬಿಡಬೇಡಿ, ಕಣದ ಬೇಲಿಯೊಳಗೆ ಇರಲಿ. ಹಾಗೆಂದು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ಓಡಾಡಿಸದೆ ಬಿಡುವುದೂ ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ.

ಕಾನೂನಿನ ಇನ್ನೊಂದು ಸಂಗತಿ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಇಲಾಖೆ ಕೆಲವು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸಾಕಣೆ, ಮಾರಾಟ ನಿಲ್ಲಿಸಲು ಸುತ್ತೋಲೆ ಹೊರಡಿಸಿತ್ತು. ಕಂಗಾಲ್, ಕಕೇಶಿಯನ್ ಶೆಫರ್ಡ್, ಮ್ಯಾಸ್ಟಿಫ್‌ನಂಥ ದೈತ್ಯ ತಳಿಗಳೂ ಅದರಲ್ಲಿದ್ದವು. ನೀವು ಕೇಳಿದ ಎರಡು ತಳಿ ಇರಲಿಲ್ಲ. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದುಪಡಿಸಿತು. ಆದರೆ ನಾಯಿ ಕಚ್ಚಿದರೆ ಹೊಣೆ ಸಾಕಿದವರದೇ ಎಂಬುದನ್ನು ಮರೆಯುವಂತಿಲ್ಲ: ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಬೀಳಬಹುದು. ಮುಂದೆ ಮತ್ತೆ ನಿಯಮ ಬಂದಾಗ ಸರ್ಕಾರ ಕೇಳುವುದು ದಾಖಲೆ ಇಟ್ಟುಕೊಂಡವರ ಮಾತನ್ನು.

ಹೋಬಳಿಗೊಂದು ಬೆಳೆಗಾರರ ಸಂಘ ಕಂಡ ನಿಮಗೆ ಸಂಘ ಕಟ್ಟುವುದನ್ನು ಹೇಳಿಕೊಡಬೇಕಾಗಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಮಂದಿ ಇದ್ದರೆ ನೋಂದಾಯಿಸಬಹುದು. ಅವಸರವಿಲ್ಲ, ಮೊದಲು ಒಂದು ನೋಟ್‌ಬುಕ್ಕು, ತಿಂಗಳಿಗೊಂದು ಭೇಟಿ ಸಾಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಎಲ್ಲರೂ ನಾಯಿಗಳೊಂದಿಗೆ ಪಶು ಆಸ್ಪತ್ರೆಯಲ್ಲಿ ಸೇರಿ, ಲಸಿಕೆ ಹಾಕಿಸಿ, ತೂಕ ಬರೆದುಕೊಳ್ಳಿ.

ಮರಿಯನ್ನು ಅದಕ್ಕೂ ಮೊದಲು ತರುವುದಾದರೆ, ಎಂಟು ವಾರ ತುಂಬದ ಮರಿ ಮಾರುವುದು 2017ರ ತಳಿ ಸಾಕಣೆ ನಿಯಮಗಳಿಗೆ ವಿರುದ್ಧ ಎಂಬುದು ನೆನಪಿರಲಿ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿ ನಾಯಿಯನ್ನು ತೋರಿಸಿ ಎನ್ನಿ, ಅದರ ಸೊಂಟದ ಎಕ್ಸ್‌ರೇ ಕೇಳಿ. ಗ್ರೇಟ್ ಡೇನ್ ಆಯಸ್ಸು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ಅದೇ ವಂಶದ ಎಂಟು ವರ್ಷದ ನಾಯಿಯೊಂದು ಇನ್ನೂ ಸಲೀಸಾಗಿ ಓಡಾಡುತ್ತಿದ್ದರೆ ದುಡ್ಡು ಕೊಡಿ. ತೋರಿಸಲು ಒಪ್ಪದಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬರಿಗೈಯಲ್ಲಿ ಮಗ್ಗೆಗೆ ಹಿಂತಿರುಗಿ.