ಅಧಿಕ ಮಾಸವೂ ಕಾರ ಹುಣ್ಣಿಮೆಯೂ

ಹುಕ್ಕೇರಿ ಸೀಮೆಯ ರೈತನು ಎರಡು ಲೆಕ್ಕಗಳನ್ನು ಹಿಡಿದು ಬಾಳುವನು. ಮೃಗಶಿರೆಯ ಮಳೆ ಸೂರ್ಯನ ಲೆಕ್ಕದ್ದು. ವರ್ಷವರ್ಷವೂ ಜೂನ್ 7-8ರ ಸುಮಾರಿಗೇ ಕೂಡುವುದು. ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರ ಹುಣ್ಣಿಮೆಯಾದರೋ ಚಂದ್ರನ ಲೆಕ್ಕದ್ದು. ಅದು ಜ್ಯೇಷ್ಠದ ಪೂರ್ಣಿಮೆ.

ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕೆ 365 ದಿನ, ಮೇಲೆ ಸುಮಾರು ಆರು ಗಂಟೆ. ಹನ್ನೊಂದು ದಿನಗಳ ಈ ಕೊರತೆಯನ್ನು ತುಂಬದಿದ್ದರೆ ಹದಿನಾರು ವರ್ಷಗಳಲ್ಲಿ ಕಾರ ಹುಣ್ಣಿಮೆಯು ಮಾಗಿಯ ಚಳಿಗೆ ಸರಿದೀತು. ಹಿಜರಿ ಪಂಚಾಂಗದಲ್ಲಿ ಇಂತಹ ತುಂಬುವಿಕೆ ಇಲ್ಲವಾದುದರಿಂದಲೇ ಮೊಹರಮ್ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ.

ಒಂದು ಅಮಾವಾಸ್ಯೆಯಿಂದ ಮತ್ತೊಂದರವರೆಗೆ ಸೂರ್ಯನು ಹೊಸ ರಾಶಿಯನ್ನು ಪ್ರವೇಶಿಸದಿದ್ದರೆ, ಸಂಕ್ರಾಂತಿಯಿಲ್ಲದ ಆ ಮಾಸವೇ ಅಧಿಕ. ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಇದು ಒದಗುವುದು. ಕಾರ ಹುಣ್ಣಿಮೆಯು 2024ರಲ್ಲಿ ಜೂನ್ 21ರ ಸುಮಾರಿಗಿದ್ದು, 2025ರಲ್ಲಿ 10ರ ಸುಮಾರಿಗೆ ಹಿಂದೆ ಸರಿಯಿತು. 2026ರಲ್ಲಿ ಮೇ ತಿಂಗಳಿಗೇ ಜಾರಬೇಕಾದುದು, ಜ್ಯೇಷ್ಠವು ಅಧಿಕವಾದ ಕಾರಣ, ನಿಜ ಜ್ಯೇಷ್ಠದಲ್ಲಿ, ಜೂನ್ 29ಕ್ಕೆ. ಮಂಗಲಕಾರ್ಯಗಳಿಗೆ ಸಲ್ಲದೆಂದು ಈ ಮಾಸವನ್ನು ‘ಮಲಮಾಸ’ವೆಂದು ಜರೆಯುವುದುಂಟು, ಉಳಿದ ಹಬ್ಬಗಳನ್ನು ಅವುಗಳ ಋತುವಿನಲ್ಲಿ ನಿಲ್ಲಿಸುವ ಮಾಸಕ್ಕೆ ಆ ಹೆಸರು ನ್ಯಾಯವಾದುದಲ್ಲ.

ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇದೇ ಕೆಲಸವನ್ನು ಫೆಬ್ರುವರಿ 29 ಮಾಡುತ್ತದೆ. ಅಲ್ಲಿ ತುಂಬಬೇಕಾದುದು ವರ್ಷಕ್ಕೆ 5 ಗಂಟೆ 48 ನಿಮಿಷಗಳಷ್ಟೇ ಆದುದರಿಂದ ನಾಲ್ಕು ವರ್ಷಕ್ಕೊಂದು ದಿನವೆಂಬುದು ತುಸು ಹೆಚ್ಚಾಗುವುದು. ಆದಕಾರಣ 400ರಿಂದ ಭಾಗವಾಗದ ಶತಮಾನ ವರ್ಷಗಳಿಗೆ ಆ ದಿನವಿಲ್ಲ: 2000ಕ್ಕೆ ದೊರೆಯಿತು, 1900ಕ್ಕೆ ದೊರೆಯಲಿಲ್ಲ, 2100ಕ್ಕೂ ದೊರೆಯದು.