ಟಿಕೆಟ್ ಕೌಂಟರಿನ ಹಿಂದಿರುವ ಕಂಪ್ಯೂಟರ್: ದೊಡ್ಡ ಗಣಕಗಳ ಕಾರ್ಯಾಚರಣ ವ್ಯವಸ್ಥೆ ಕುರಿತ ಪಾಠಾನುಭವ

ತರಗತಿ: 9. ವಿಷಯ: ಗಣಕ ವಿಜ್ಞಾನ. ಅವಧಿ: 40 ನಿಮಿಷದ ಎರಡು ಪಾಠಗಳು.

ಪೀಠಿಕೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಅರಸೀಕೆರೆಯ ಒಂದು ಪ್ರೌಢಶಾಲೆ. ಕಾರ್ಯಾಚರಣ ವ್ಯವಸ್ಥೆಗೆ ಉದಾಹರಣೆ ಕೇಳಿದಾಗ ಮಕ್ಕಳು ಆಂಡ್ರಾಯ್ಡ್, ವಿಂಡೋಸ್ ಎಂದರು. ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ಸ್ಟೇಷನ್ನಿನಲ್ಲಿ ಸೀಟು ರಿಸರ್ವ್ ಮಾಡೋ ಕಂಪ್ಯೂಟರಿನಲ್ಲಿ ಯಾವುದಿರುತ್ತೆ?" ಎಂದು ಕೇಳಿದ. ಯೋಚಿಸದೆ "ಅದೂ ವಿಂಡೋಸೇ" ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಿ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಸೀಟು ಹಂಚುವುದು ಕೌಂಟರಿನ ಪರದೆಯೋ, ಅದರ ಹಿಂದಿನ ಯಂತ್ರವೋ?" ಎರಡನೇ ಪಾಠವನ್ನು ಆ ಸಾಲಿನಿಂದಲೇ ಯೋಜಿಸಿದೆ.

ವಿಷಯ ವಿಶ್ಲೇಷಣೆ

ಭಾರತೀಯ ರೈಲ್ವೆಯ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆ 1980ರ ದಶಕದ ಮಧ್ಯಭಾಗದಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿ ಅದನ್ನು ರೂಪಿಸಿತು. ಮುಂದೆ ಕ್ರಿಸ್ ಸಂಸ್ಥೆಯ 'ಕಾನ್ಸರ್ಟ್' ತಂತ್ರಾಂಶ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್ ಕೇಂದ್ರಗಳನ್ನು ಜೋಡಿಸಿತು. ಇದು ದಶಕಗಳ ಕಾಲ ನಡೆದದ್ದು ವಿಂಡೋಸ್ ಮೇಲಲ್ಲ, ಓಪನ್‌ವಿಎಂಎಸ್ ಮೇಲೆ. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ 1977ರಲ್ಲಿ ವ್ಯಾಕ್ಸ್ ಗಣಕಕ್ಕಾಗಿ ತಂದ ವಿಎಂಎಸ್ ಇದರ ಮೂಲ.

ಕಟ್ಟುನಿಟ್ಟಾಗಿ ಹೇಳುವುದಾದರೆ ವ್ಯಾಕ್ಸ್ 'ಮೇನ್‌ಫ್ರೇಮ್' ಅಲ್ಲ. ಆದರೆ ಇಲ್ಲಿ ಮಾಡುವ ಕೆಲಸ ಅದೇ ಬಗೆಯದು. ನಿಜವಾದ ಮೇನ್‌ಫ್ರೇಮ್ ಪರಂಪರೆ 1964ರ ಐಬಿಎಂ ಸಿಸ್ಟಂ/360ರಿಂದ ಬೆಳೆದದ್ದು. ಇಂದಿನ ಐಬಿಎಂ ಮೇನ್‌ಫ್ರೇಮ್‌ಗಳಿಗೆ ಒಂದಲ್ಲ, ಹಲವು ವ್ಯವಸ್ಥೆಗಳಿವೆ:

1. ಝಡ್/ಓಎಸ್: ಬ್ಯಾಂಕು, ವಿಮಾ ಸಂಸ್ಥೆಗಳ ಭಾರೀ ವ್ಯವಹಾರಗಳಿಗೆ. ಓಎಸ್/360ರ ವಂಶದ್ದು, ಹಳೆಯ ಪ್ರೋಗ್ರಾಂಗಳು ಇದರಲ್ಲಿ ಇನ್ನೂ ನಡೆಯುತ್ತವೆ.
2. ಝಡ್/ವಿಎಂ: ಒಂದೇ ಯಂತ್ರದೊಳಗೆ ಅನೇಕ 'ಕಾಲ್ಪನಿಕ ಯಂತ್ರ'ಗಳನ್ನು ಸೃಷ್ಟಿಸುತ್ತದೆ.
3. ಝಡ್/ಟಿಪಿಎಫ್: ವಿಮಾನ ಟಿಕೆಟಿನಂತಹ, ಸೆಕೆಂಡಿಗೆ ಸಾವಿರಾರು ಚಿಕ್ಕ ವ್ಯವಹಾರಗಳಿಗೆ.
4. ವಿಎಸ್ಇ: ಡಾಸ್/360ರ ವಂಶದ್ದು, ಸಣ್ಣ ಪ್ರಮಾಣದ ಕೆಲಸಗಳಿಗೆ.
5. ಲಿನಕ್ಸ್: 2000ದ ಆಸುಪಾಸಿನಿಂದ ಇವುಗಳಲ್ಲೂ ಬಳಕೆಯಲ್ಲಿದೆ.

ಯೂನಿಸಿಸ್ ಕಂಪನಿಯ ಎಂಸಿಪಿ, ಓಎಸ್ 2200 ಇನ್ನೆರಡು ಉದಾಹರಣೆಗಳು.

ಚಟುವಟಿಕೆ

ಪಟ್ಟಿ ಬರೆಸಿದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಷ್ಟೆ. ಆದ್ದರಿಂದ ಒಂದು ಆಟ ಆಡಿಸಿದೆ. ಮೇಜಿನ ಮೇಲೆ ಒಂದು ನೋಟ್ ಬುಕ್. ಅದರಲ್ಲಿ ಖಾಲಿ ಇರುವುದು ಒಂದೇ ಸೀಟು. ಒಬ್ಬಳು ಅರಸೀಕೆರೆ ಕೌಂಟರ್, ಇನ್ನೊಬ್ಬ ಹುಬ್ಬಳ್ಳಿ ಕೌಂಟರ್. ಹಳೇಬೀಡು ನೋಡಿ ಊರಿಗೆ ಮರಳುವ ಪ್ರವಾಸಿಯೊಬ್ಬ ಇಲ್ಲಿ, ಮದುವೆಗೆ ಹೊರಟವರೊಬ್ಬರು ಅಲ್ಲಿ. ಇಬ್ಬರು ಗುಮಾಸ್ತರೂ ಪುಸ್ತಕ ನೋಡಿ "ಖಾಲಿ ಇದೆ" ಎಂದು ತಮ್ಮ ಜಾಗಕ್ಕೆ ಹೋಗಿ ಚೀಟಿ ಕೊಟ್ಟರು. ಒಂದೇ ಸೀಟಿಗೆ ಇಬ್ಬರು! ತರಗತಿಯಲ್ಲಿ ಜಗಳವೇ ಆಯಿತು.

ಎರಡನೇ ಸುತ್ತಿಗೆ ತರಗತಿ ನಾಯಕಿಯ ಕೈಗೆ ಒಂದು ಬೀಗದ ಕೈ ಕೊಟ್ಟೆ. ಕೈ ಪಡೆದವರು ಮಾತ್ರ ಪುಸ್ತಕ ಮುಟ್ಟಬೇಕು. ಬರೆದು ಮುಗಿಸಿದ ಮೇಲೆ ಹಿಂದಿರುಗಿಸಬೇಕು. ಜಗಳ ನಿಂತಿತು. ಓಪನ್‌ವಿಎಂಎಸ್‌ನಲ್ಲಿ ಈ ನಾಯಕಿಯ ಕೆಲಸಕ್ಕೆಂದೇ 'ಲಾಕ್ ಮ್ಯಾನೇಜರ್' ಎಂಬ ಭಾಗವಿದೆ. ಜೋಡಿಸಿದ ಹಲವು ಗಣಕಗಳ ನಡುವೆಯೂ ಅದು ಬೀಗ ಕಾಯುತ್ತದೆ.

ಮೌಲ್ಯಮಾಪನ

"ಬೀಗದ ಕೈ ಪಡೆದ ಗುಮಾಸ್ತ ಊಟಕ್ಕೆ ಹೋದರೆ ಏನಾಗುತ್ತದೆ?" ಎಂದು ಕೇಳಿದೆ. "ಎಲ್ಲರೂ ಕಾಯ್ತಾ ಕೂರಬೇಕು ಮಿಸ್" ಎಂದಳು ಒಬ್ಬಳು. "ಇಷ್ಟು ಹೊತ್ತಾದ ಮೇಲೆ ಕಿತ್ಕೋಬೇಕು" ಎಂದ ಅದೇ ಹಿಂದಿನ ಬೆಂಚಿನ ಹುಡುಗ. ಕಾಲಮಿತಿಯ ಪರಿಕಲ್ಪನೆಯನ್ನು ನಾನು ಹೇಳಿಕೊಡುವ ಮೊದಲೇ ಅವನು ಮುಟ್ಟಿದ್ದ.

ಆತ್ಮಾವಲೋಕನ

ಪಾಠ ಆರಂಭಿಸುವ ಮುನ್ನ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ಕಪ್ಪುಹಲಗೆಯಲ್ಲಿ ಬರೆದು ತಿದ್ದಿದ್ದೆ. ಮರ್ಯಾದೆ ಹೋದೀತೆಂಬ ಅಳುಕಿತ್ತು. ಆದರೆ ಆ ದಿನ ಪ್ರಶ್ನೆಗಳು ಹೆಚ್ಚು ಬಂದವು. ಒಂದು ಕೊರತೆ ಉಳಿಯಿತು: ಐದು ಹೆಸರುಗಳನ್ನು ಒಂದೇ ಅವಧಿಯಲ್ಲಿ ತುಂಬಿದ್ದು ಹೆಚ್ಚಾಯಿತು. ಸಹ ಪ್ರಶಿಕ್ಷಣಾರ್ಥಿಗಳು ಝಡ್/ಓಎಸ್, ಝಡ್/ವಿಎಂ ಎರಡನ್ನಷ್ಟೇ ತೆಗೆದುಕೊಂಡು, ಆಟಕ್ಕೆ ಹೆಚ್ಚು ಸಮಯ ಕೊಡುವುದು ಒಳಿತು.