ವಿದ್ಯಾರ್ಥಿನಿಲಯದಲ್ಲಿ ಸರೀಸೃಪಗಳು

ಮನುಷ್ಯನು ಒಂಟಿಯಾಗಿ ಬಾಳಲಾರನೆಂಬುದು ಹಳೆಯ ಮಾತು. ಅವನಿಗೆ ಮನುಷ್ಯರ ಸಂಗವೊಂದೇ ಸಾಲದು ಎಂಬುದನ್ನೂ ಅದಕ್ಕೆ ಸೇರಿಸಬೇಕು. ಹಳ್ಳಿಯ ಮನೆಯಲ್ಲಿ ಬೆಳೆದವನಿಗೆ ಕೊಟ್ಟಿಗೆಯ ದನ, ಅಂಗಳದ ಕೋಳಿ, ಬಾಗಿಲ ನಾಯಿ ಇವೆಲ್ಲವೂ ಸಂಸಾರದೊಳಗೇ ಸೇರಿದವು. ಅಂಥವನು ಓದಿಗಾಗಿ ಪಟ್ಟಣಕ್ಕೆ ಬಂದು ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ನಾಲ್ವರೊಡನೆ ತಂಗಿದಾಗ ಜನರ ಸಹವಾಸಕ್ಕೇನೋ ಕೊರತೆಯಿಲ್ಲ. ಆದರೆ ಮೂಕಪ್ರಾಣಿಗಳ ಸಹವಾಸ ತಪ್ಪಿಹೋಗುತ್ತದೆ. ನಾಯಿಯನ್ನು ತರೋಣವೆಂದರೆ ಅದು ಬೊಗಳುತ್ತದೆ. ಬೆಕ್ಕನ್ನು ತರೋಣವೆಂದರೆ ಅದು ಅಡಿಗೆಮನೆಯ ಹಾಲಿಗೆ ಬಾಯಿಡುತ್ತದೆ. ಆಗ ಮನಸ್ಸು ಸದ್ದುಮಾಡದ ಪ್ರಾಣಿಯ ಕಡೆಗೆ ಹರಿಯುತ್ತದೆ. ಆಮೆ ಬೊಗಳದು, ಓಡದು, ಹೆಚ್ಚು ತಿನ್ನದು. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ನಿಲಯಪಾಲಕರಿಗೂ ತಿಳಿಯದು.

ಈ ಆಸೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಾಯಿ ಸಾಕಬಾರದೆಂಬ ನಿಯಮವಿದ್ದುದರಿಂದ ಕವಿ ಬೈರನ್ ಒಂದು ಕರಡಿಯನ್ನೇ ತಂದು ಸಾಕಿದನೆಂಬುದು ಇಂಗ್ಲಿಷ್ ಸಾಹಿತ್ಯವನ್ನು ಓದುವ ನಮ್ಮ ಮಿತ್ರರಿಗೆ ತಿಳಿದ ಸಂಗತಿ. ಕರಡಿಯನ್ನು ಬಚ್ಚಿಡುವುದು ಸಾಧ್ಯವಿಲ್ಲ, ಆಮೆಯನ್ನು ಬಚ್ಚಿಡಬಹುದು. ಬಚ್ಚಿಡಬಹುದಾದ ಪ್ರಾಣಿಗೇ ಹೆಚ್ಚಿನ ಅಪಾಯವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಪ್ರಯತ್ನಿಸುತ್ತೇನೆ.

ಸರೀಸೃಪವೆಂದರೆ ಹರಿದಾಡುವುದು ಎಂದರ್ಥ. ಹಾವು, ಹಲ್ಲಿ, ಓತಿಕೇತ, ಉಡ, ಆಮೆ, ಮೊಸಳೆ ಇವೆಲ್ಲವೂ ಈ ವರ್ಗಕ್ಕೆ ಸೇರಿವೆ. ಇವುಗಳನ್ನು ಶೀತರಕ್ತದ ಪ್ರಾಣಿಗಳೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಈ ಹೆಸರು ಸ್ವಲ್ಪ ಮೋಸಗೊಳಿಸತಕ್ಕದ್ದು. ಬೆಳಗಿನ ಬಿಸಿಲಿನಲ್ಲಿ ಬಂಡೆಯ ಮೇಲೆ ಮೈಕಾಯಿಸಿಕೊಂಡ ಓತಿಕೇತದ ರಕ್ತ ತಣ್ಣಗಿರುವುದಿಲ್ಲ. ನಿಜವಾದ ಭೇದವೇನೆಂದರೆ, ನಾವು ತಿಂದ ಅನ್ನವನ್ನು ಒಳಗೇ ಉರಿಸಿ ಮೈಯನ್ನು ಬೆಚ್ಚಗಿಟ್ಟುಕೊಳ್ಳುತ್ತೇವೆ. ಸರೀಸೃಪವು ಆ ಶಾಖವನ್ನು ಹೊರಗಿನಿಂದ, ಮುಖ್ಯವಾಗಿ ಸೂರ್ಯನಿಂದ, ಪಡೆಯುತ್ತದೆ. ಒಳಗೆ ಉರಿಯುವ ಒಲೆಯಿಲ್ಲದ ಕಾರಣ ಅದಕ್ಕೆ ಬೇಕಾಗುವ ಆಹಾರವೂ ಅಲ್ಪ. ಅಷ್ಟೇ ತೂಕದ ಇಲಿಗೋ ಮೊಲಕ್ಕೋ ಬೇಕಾದ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಅದಕ್ಕೆ ಸಾಕು. ಆದರೆ ಈ ಮಿತವ್ಯಯಕ್ಕೆ ಒಂದು ಬೆಲೆಯಿದೆ. ತಿಂದುದು ಜೀರ್ಣವಾಗಬೇಕಾದರೂ, ರೋಗವನ್ನು ಎದುರಿಸಬೇಕಾದರೂ ಅದಕ್ಕೆ ತಕ್ಕ ಬಿಸಿ ಮೈಗೆ ಸಿಕ್ಕಬೇಕು. ಬಿಸಿಲು ಹೆಚ್ಚಾದರೆ ನೆರಳಿಗೆ, ನೆರಳು ತಣ್ಣಗಾದರೆ ಬಿಸಿಲಿಗೆ ಹೀಗೆ ದಿನವಿಡೀ ಜಾಗ ಬದಲಿಸುತ್ತಾ ಇರುವುದೇ ಅದರ ಬದುಕು. ಅಂದಮೇಲೆ ಅದರ ದೇಹವು ಚಿಪ್ಪಿನೊಳಗೆ ಅಥವಾ ಚರ್ಮದೊಳಗೆ ಮುಗಿಯುವುದಿಲ್ಲ. ಬಂಡೆ, ಪೊದೆ, ಬಿಸಿಲು, ಬಿಲ ಇವೂ ಅದರ ದೇಹದ ಭಾಗಗಳೇ ಎಂದರೆ ತಪ್ಪಾಗಲಾರದು. ಪ್ರಾಣಿಯನ್ನು ಮಾತ್ರ ಎತ್ತಿ ಕೋಣೆಗೆ ತಂದವನು ಅದರ ಅರ್ಧವನ್ನು ಹೊಲದಲ್ಲೇ ಬಿಟ್ಟು ಬಂದಂತಾಯಿತು.

ಇನ್ನು ಬೆಳಕಿನ ವಿಚಾರ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳಲ್ಲಿ ಒಂದು ಬಗೆಯ ಕಿರಣವು ಚರ್ಮದ ಮೇಲೆ ಬಿದ್ದಾಗ ಮೈಯಲ್ಲಿ ಡಿ ಜೀವಸತ್ವವು ಉತ್ಪತ್ತಿಯಾಗುತ್ತದೆ. ಈ ಜೀವಸತ್ವವಿಲ್ಲದೆ ಆಹಾರದಲ್ಲಿನ ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ. ಆಮೆಯ ಚಿಪ್ಪು ಅದರ ಅಸ್ಥಿಪಂಜರದ ಭಾಗವೇ ಆಗಿದೆ. ಪಕ್ಕೆಲುಬು, ಬೆನ್ನುಮೂಳೆಗಳು ಅದರಲ್ಲಿ ಬೆಸೆದುಕೊಂಡಿವೆ. ಕೋಣೆಯಲ್ಲಿಟ್ಟ ಆಮೆಯನ್ನು ಕಿಟಕಿಯ ಬಳಿ ಬಿಸಿಲಿಗೆ ಇಟ್ಟರಾಯಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗೆ ಬಿಸಿಲಿನಲ್ಲಿದ್ದೂ ಇಲ್ಲದಂತಾಗಿ ಮರಿಯ ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಕಾಲುಗಳು ಮೈಯನ್ನು ಎತ್ತಲಾರದೆ ಹೋಗುತ್ತವೆ. ನಮ್ಮ ತಟ್ಟೆಯಲ್ಲಿ ಉಳಿದ ಅನ್ನ, ಚಪಾತಿಗಳನ್ನು ಹಾಕಿದರೆ ಈ ಕೇಡು ಇನ್ನೂ ಬೇಗ ಬರುತ್ತದೆ. ಹುಲ್ಲು, ಎಲೆ, ಹೂವು, ಉದುರಿದ ಹಣ್ಣು ಇವುಗಳಿಂದ ಬದುಕುವ ನೆಲದ ಆಮೆಗೆ ಅನ್ನವು ಆಹಾರವಲ್ಲ.

ಇಷ್ಟೆಲ್ಲ ಕಷ್ಟವಿದ್ದರೆ ಅದು ತಿಳಿಯುವುದಿಲ್ಲವೇ ಎಂದು ಓದುಗರು ಕೇಳಬಹುದು. ತಿಳಿಯುವುದಿಲ್ಲವೆಂಬುದೇ ಇಲ್ಲಿನ ಮುಖ್ಯ ಸಂಗತಿ. ಹಸಿದ ನಾಯಿ ಕುಯ್ಗುಡುತ್ತದೆ. ನೊಂದ ದನ ಅರಚುತ್ತದೆ. ಸರೀಸೃಪದ ಜೀವನ ನಿಧಾನವಾದುದು. ಅದರ ಸಾವೂ ನಿಧಾನವಾದುದೇ. ತಪ್ಪು ಆಹಾರ, ತಪ್ಪು ಶಾಖಗಳಲ್ಲಿ ಅದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅಲುಗಾಡದೆ ಮೂಲೆಯಲ್ಲಿ ಕುಳಿತುದನ್ನು ನೋಡಿ ಸಾಕಿದವನು ಸಾಧುಪ್ರಾಣಿಯೆಂದು ಮೆಚ್ಚಿಕೊಳ್ಳುತ್ತಾನೆ. ಭಗವದ್ಗೀತೆಯಲ್ಲಿ ಸ್ಥಿತಪ್ರಜ್ಞನನ್ನು ಅಂಗಗಳನ್ನು ಒಳಗೆಳೆದುಕೊಂಡ ಆಮೆಗೆ ಹೋಲಿಸಿದೆ. ಆದರೆ ಮಂಚದ ಕೆಳಗಿನ ಆಮೆ ಅಂಗಗಳನ್ನು ಒಳಗೆಳೆದುಕೊಳ್ಳುವುದು ಜ್ಞಾನದಿಂದಲ್ಲ, ಭಯದಿಂದ. ಪಂಚತಂತ್ರದ ಆಮೆ ಹಂಸಗಳೊಡನೆ ಹಾರುವಾಗ ಬಾಯಿ ಬಿಟ್ಟು ಕೆಟ್ಟಿತು. ನಮ್ಮ ಕೋಣೆಯ ಆಮೆ ಬಾಯಿಲ್ಲದೆ ಕೆಡುತ್ತದೆ.

ಬಹಳ ಕಾಲ ಜೊತೆಗಿದ್ದರೂ ಆಮೆಯನ್ನು ತಿಳಿಯುವುದು ಎಷ್ಟು ಕಷ್ಟವೆಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯಿದೆ. ಸೆಲ್ಬರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ ಪ್ರಾಣಿಪಕ್ಷಿಗಳನ್ನು ತಾಳ್ಮೆಯಿಂದ ನೋಡಿ ಬರೆದಿಟ್ಟವರಲ್ಲಿ ಅಗ್ರಗಣ್ಯ. ಅವನ ಗ್ರಂಥವು 1789ರಲ್ಲಿ ಪ್ರಕಟವಾಯಿತು. ಅವನ ಸೋದರತ್ತೆಯ ಮನೆಯಲ್ಲಿ ಬಹುಕಾಲದಿಂದ ಇದ್ದ ಟಿಮೊತಿ ಎಂಬ ಆಮೆಯನ್ನು, ಆಕೆ ತೀರಿಕೊಂಡ ಮೇಲೆ 1780ರಲ್ಲಿ ಅವನು ತನ್ನ ತೋಟಕ್ಕೆ ತಂದನು. 1793ರಲ್ಲಿ ತಾನು ಸಾಯುವವರೆಗೂ ಅದು ಯಾವಾಗ ಮಣ್ಣಿನೊಳಗೆ ಹೂತುಕೊಂಡಿತು, ಯಾವಾಗ ಎದ್ದಿತು, ಎಷ್ಟು ತೂಗಿತು ಎಂಬುದನ್ನು ದಿನಚರಿಯಲ್ಲಿ ಗುರುತುಹಾಕಿದನು. ಇಷ್ಟು ಸೂಕ್ಷ್ಮದೃಷ್ಟಿಯವನೂ ಅದನ್ನು ಗಂಡೆಂದೇ ಭಾವಿಸಿದ್ದನು. ಅದರ ಚಿಪ್ಪು ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಪರೀಕ್ಷಿಸಿದ ವಿದ್ವಾಂಸರು ಟಿಮೊತಿ ಹೆಣ್ಣೆಂದು ಹೇಳಿದರು. ತೋಟವೂ ಬಿಸಿಲೂ ಬಿಡುವೂ ಇದ್ದ ವೈಟನಿಗೇ ಹೀಗಾದರೆ, ಪರೀಕ್ಷೆಯ ಗಡಿಬಿಡಿಯಲ್ಲಿರುವ ನಮ್ಮ ಪಾಡೇನು?

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಹೀಗೆ ಗುಟ್ಟಾಗಿ ಸಾಕಲ್ಪಡುವ ಸರೀಸೃಪಗಳಲ್ಲಿ ನಕ್ಷತ್ರ ಆಮೆಯೇ ಮುಖ್ಯವಾದುದು. ಕಪ್ಪು ಚಿಪ್ಪಿನ ಒಂದೊಂದು ಗುಬುಟಿನ ಮೇಲೂ ಹಳದಿಯ ಬೊಟ್ಟು, ಅದರಿಂದ ಸುತ್ತಲೂ ಹೊರಡುವ ಹಳದಿ ಗೆರೆಗಳು ನೋಡಲು ನಕ್ಷತ್ರದಂತೆಯೇ ಇರುತ್ತವೆ. ಒಣಹುಲ್ಲಿನ ನಡುವೆ ಬಿಸಿಲು ನೆರಳುಗಳ ಪಟ್ಟೆಗಳಲ್ಲಿ ಈ ಚಿತ್ತಾರ ಅದನ್ನು ಮರೆಮಾಡುತ್ತದೆ. ಹೊಲದಲ್ಲಿ ಅದನ್ನು ಕಾಪಾಡುವ ಚಿತ್ತಾರವೇ ಪೇಟೆಯಲ್ಲಿ ಅದರ ಶತ್ರುವಾಗಿದೆ. ಗುಜರಾತು, ರಾಜಸ್ಥಾನಗಳ ಒಣಪ್ರದೇಶ, ಆಂಧ್ರ, ತಮಿಳುನಾಡು, ಅವುಗಳಿಗೆ ತಾಗಿದ ನಮ್ಮ ಪೂರ್ವದ ಬಯಲುಸೀಮೆ, ಪಾಕಿಸ್ತಾನದ ಒಂದು ಭಾಗ ಮತ್ತು ಶ್ರೀಲಂಕಾ ಇವು ಅದರ ನೆಲೆಗಳು. ಮಳೆಗಾಲ ಬಂದಾಗ ಅದು ಚುರುಕಾಗಿ ಓಡಾಡುತ್ತದೆ. ಹೊಲಗೆಲಸದವರ ಕಣ್ಣಿಗೆ ಬೀಳುವುದೂ ಆಗಲೇ. ಅಲ್ಲಿಂದ ದಲ್ಲಾಳಿಯ ಕೈಗೆ, ದಲ್ಲಾಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ಪೆಟ್ಟಿಗೆಯಲ್ಲಿ ಅಡಗಿ ಹೊರದೇಶಕ್ಕೆ ಅದರ ಪ್ರಯಾಣ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಭಾರತದ ಒಂದೇ ವ್ಯಾಪಾರಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೀಗೆ ಹಿಡಿಯಲ್ಪಡುತ್ತಿದ್ದುವೆಂದು ತಿಳಿಸಿತು. ಹೆಣ್ಣಾಮೆ ಒಂದು ಸಲಕ್ಕೆ ಇಡುವ ಮೊಟ್ಟೆಗಳು ಹತ್ತನ್ನು ಮೀರುವುದು ಅಪರೂಪ. ಈ ಆಯವ್ಯಯವು ಎಲ್ಲಿಗೆ ಮುಟ್ಟುವುದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಆಮೆಯನ್ನು ಮನೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುವಳೆಂಬ ನಂಬಿಕೆ ಹಲವರಲ್ಲಿದೆ. ನೆರೆಯ ತಮಿಳರಲ್ಲಾದರೋ ಆಮೆ ಹೊಕ್ಕ ಮನೆ ಉದ್ಧಾರವಾಗದೆಂಬ ಗಾದೆಯಿದೆ. ಒಂದೇ ಆಮೆ ಗಡಿಯ ಈಚೆ ಭಾಗ್ಯವನ್ನೂ ಆಚೆ ದಾರಿದ್ರ್ಯವನ್ನೂ ತರಲಾರದಷ್ಟೆ! ಆದರೆ ಕಾನೂನಿನ ದೃಷ್ಟಿಯಿಂದ ನೋಡಿದರೆ ತಮಿಳರ ಗಾದೆಯೇ ಸತ್ಯಕ್ಕೆ ಹತ್ತಿರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆ ಮೊದಲನೆಯ ಪರಿಶಿಷ್ಟಕ್ಕೆ ಸೇರಿತು; ಉಡವೂ ಅಲ್ಲಿಯೇ ಇದೆ. ಅಂಥ ಪ್ರಾಣಿಯ ವಿಷಯದ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮೂರು ವರ್ಷವೆಂದರೆ ಬಿ.ಎ. ತರಗತಿಯ ಅವಧಿ. ಮನೆಯವರಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನು ಪದವಿಪತ್ರದ ಬದಲು ಮೊಕದ್ದಮೆಯ ಕಾಗದವನ್ನು ಊರಿಗೆ ಒಯ್ಯುವಂತಾಗಬಾರದು.

ಹಾಗಾದರೆ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಪರದೇಶದ ಆಮೆಯನ್ನು ತರಬಹುದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಹಸಿರು ಮರಿಗಳನ್ನು ನೀವು ನೋಡಿರಬಹುದು. ಇವು ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯವು. ಕೊಳ್ಳುವಾಗ ಅಂಗೈಯಲ್ಲಿ ಅಡಗುವ ಮರಿ ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಬೇಸಿಗೆ ರಜೆಗೆ ನಿಲಯ ಮುಚ್ಚಿದಾಗ ಅದನ್ನು ನೋಡಿಕೊಳ್ಳುವವರಾರು? ಓದು ಮುಗಿಸಿ ಕೆಲಸ ಹುಡುಕುತ್ತ ಊರೂರು ಅಲೆಯುವಾಗ ಅದನ್ನು ಒಯ್ಯುವವರಾರು? ಕೊನೆಗೆ ಒಂದು ಸಂಜೆ ಅದನ್ನು ಹತ್ತಿರದ ಕೆರೆಗೆ ಬಿಟ್ಟು ಪುಣ್ಯ ಮಾಡಿದೆವೆಂದುಕೊಳ್ಳುತ್ತಾರೆ. ಅದು ಪುಣ್ಯವಲ್ಲ. ಕೆರೆಯ ನಮ್ಮ ಆಮೆಗಳ ಆಹಾರಕ್ಕೂ ಬಿಸಿಲುಕಾಯುವ ಜಾಗಕ್ಕೂ ಅದು ಪೈಪೋಟಿಗೆ ನಿಲ್ಲುತ್ತದೆ. ಲೋಕದಲ್ಲಿ ಅತಿ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು ಇದನ್ನೂ ಸೇರಿಸಿದೆ. ಇಗ್ವಾನಾ, ಪರದೇಶದ ಹೆಬ್ಬಾವು ಮುಂತಾದವನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸತಕ್ಕದ್ದೆಂದು 2024ರಲ್ಲಿ ನಿಯಮವೂ ಬಂದಿದೆ.

ಆರೋಗ್ಯದ ಮಾತನ್ನೂ ಮರೆಯಬಾರದು. ಆರೋಗ್ಯವಾಗಿಯೇ ಕಾಣುವ ಆಮೆ, ಹಲ್ಲಿ, ಹಾವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರಿಂದ ಮನುಷ್ಯರಿಗೆ ವಾಂತಿ ಭೇದಿ ಜ್ವರಗಳು ಬರುತ್ತವೆ. ಚಿಕ್ಕ ಮಕ್ಕಳಿಗೆ ಇದು ಹರಡುತ್ತಿದ್ದುದರಿಂದಲೇ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಒಂದೇ ನಲ್ಲಿಯಲ್ಲಿ ತಟ್ಟೆಯನ್ನೂ ಆಮೆಯ ತೊಟ್ಟಿಯನ್ನೂ ತೊಳೆಯುವ ನಮ್ಮಂಥ ನಿಲಯಗಳಲ್ಲಿ ಒಬ್ಬನ ಹವ್ಯಾಸವು ಇಡೀ ಸಾಲಿನ ಕಾಯಿಲೆಯಾಗಬಹುದು.

ಈಗಾಗಲೇ ಇಂಥ ಪ್ರಾಣಿ ಯಾರ ಕೋಣೆಯಲ್ಲಾದರೂ ಇದ್ದರೆ ಮಾಡತಕ್ಕುದೇನು? ನಿಲಯಪಾಲಕರಿಗೋ ಅಧ್ಯಾಪಕರಿಗೋ ತಿಳಿಸಿ ಅವರ ಮೂಲಕ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ. ಹತ್ತಿರದ ಗುಡ್ಡಕ್ಕೆ ಬಿಟ್ಟುಬರುವುದು ಕೂಡದು; ಬಂಧನದಲ್ಲಿದ್ದ ಪ್ರಾಣಿ ಹೊಸ ರೋಗವನ್ನು ಕಾಡಿನ ಬಂಧುಗಳಿಗೆ ಒಯ್ಯಬಹುದು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಹಿಡಿಯುವುದಕ್ಕೆ ಒಂದು ಗೋಣಿಚೀಲ ಸಾಕು. ಹಿಂತಿರುಗಿಸುವುದಕ್ಕೆ ಎರಡು ದೇಶಗಳ ಶ್ರಮ ಬೇಕಾಯಿತು.

ಇಷ್ಟು ಓದಿದವರು ಸರೀಸೃಪದ ಸಂಗವೇ ನಮಗೆ ನಿಷಿದ್ಧವೆಂದು ತಿಳಿಯಬಾರದು. ಯಾರ ಅನುಮತಿಯನ್ನೂ ಕೇಳದೆ, ಬಾಡಿಗೆಯನ್ನೂ ಕೊಡದೆ ಪ್ರತಿಯೊಂದು ಕೋಣೆಯಲ್ಲೂ ಒಂದು ಸರೀಸೃಪ ವಾಸವಾಗಿದೆ. ಅದೇ ದೀಪದ ಬಳಿಯ ಹಲ್ಲಿ. ಅದರ ಶಕುನವನ್ನು ಪಂಚಾಂಗದಲ್ಲಿ ನೋಡುವ ನಾವು ಅದನ್ನು ಮಾತ್ರ ಸರಿಯಾಗಿ ನೋಡುವುದಿಲ್ಲ. ಅದು ತಾರಸಿಯಲ್ಲಿ ತಲೆಕೆಳಗಾಗಿ ನಡೆಯುವುದು ಅಂಟಿನಿಂದಲ್ಲ. ಬೆರಳಡಿಯ ಕಣ್ಣಿಗೆ ಕಾಣದ ಅಸಂಖ್ಯ ರೋಮಗಳ ತುದಿಗೂ ಗೋಡೆಗೂ ನಡುವೆ ಅಣುಗಳ ಮಟ್ಟದಲ್ಲಿ ಉಂಟಾಗುವ ಆಕರ್ಷಣೆಯೇ ಇದಕ್ಕೆ ಕಾರಣವೆಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಪಾಯ ಬಂದಾಗ ಬಾಲವನ್ನು ಕಳಚಿ ಕೊಡುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆಯ ಬದಲು ಮೃದ್ವಸ್ಥಿ ಇರುತ್ತದೆ. ಅದು ಯಾವ ಹೊತ್ತಿಗೆ ಹೊರಡುತ್ತದೆ, ಯಾವ ಹುಳುವನ್ನು ಬಿಟ್ಟು ಯಾವುದನ್ನು ಹಿಡಿಯುತ್ತದೆ, ಚಳಿಗಾಲದಲ್ಲಿ ಎಲ್ಲಿ ಸೇರುತ್ತದೆ ಎಂಬುದನ್ನು ಒಂದು ವರ್ಷ ಗುರುತುಹಾಕಿದರೆ ಅದೇ ಒಂದು ಪ್ರಬಂಧವಾದೀತು. ಇದಕ್ಕೆ ಪೆಟ್ಟಿಗೆ ಬೇಡ, ಪಂಜರ ಬೇಡ. ಒಂದು ನೋಟುಬುಕ್ಕು, ಸ್ವಲ್ಪ ತಾಳ್ಮೆ ಸಾಕು. ಬೇಸಿಗೆ ರಜೆಯಲ್ಲಿ ಅದರ ಚಿಂತೆಯೂ ಬೇಡ.

ಪ್ರಾಣಿಯನ್ನು ಪ್ರೀತಿಸುವುದೆಂದರೆ ಅದನ್ನು ನಮ್ಮದಾಗಿ ಮಾಡಿಕೊಳ್ಳುವುದಲ್ಲ, ಅದರ ಪಾಡಿಗೆ ಅದನ್ನು ಬಿಟ್ಟು ತಿಳಿದುಕೊಳ್ಳುವುದು. ಬಾಯುಳ್ಳ ಪ್ರಾಣಿ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ. ಬಾಯಿಲ್ಲದ ಪ್ರಾಣಿಯ ಪರವಾಗಿ ಮಾತನಾಡುವುದು ವಿದ್ಯಾವಂತರೆನಿಸಿಕೊಂಡವರ ಕರ್ತವ್ಯ.